57 ಲಕ್ಷದ ಯುಪಿಐ, 10 ಲಕ್ಷದ ನೋಟಿಸ್: ಒಂದು ಕಾಂಡಿಮೆಂಟ್ಸ್ ಅಂಗಡಿಯ ಲೆಕ್ಕ

2025ರ ಜುಲೈ ತಿಂಗಳ ಆರಂಭ. ಬೆಂಗಳೂರಿನ ಪಶ್ಚಿಮ ಭಾಗದ ಒಂದು ಕಾಂಡಿಮೆಂಟ್ಸ್ ಅಂಗಡಿಗೆ ವಾಣಿಜ್ಯ ತೆರಿಗೆ ಕಚೇರಿಯಿಂದ ಕಾಗದ ಬಂತು. 2023-24ರಲ್ಲಿ ನಿಮ್ಮ ಖಾತೆಗೆ ಯುಪಿಐ ಮೂಲಕ 57,40,000 ರೂಪಾಯಿ ಬಂದಿದೆ, ನೀವು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ, ಶೇ 18ರ ಲೆಕ್ಕದಲ್ಲಿ 10,33,200 ರೂಪಾಯಿ ತೆರಿಗೆ ಆಗುತ್ತದೆ, ಮೇಲೆ ಬಡ್ಡಿ ಮತ್ತು ದಂಡ, ಇದಕ್ಕೆ ವಿವರಣೆ ಕೊಡಿ ಅಂತ ಇತ್ತು. 2022-23ಕ್ಕೂ 2024-25ಕ್ಕೂ ಇದೇ ರೀತಿಯ ಕಾಗದಗಳಿದ್ದವು.

ಅಂಗಡಿಯ ಯಜಮಾನರು ಹಾಸನದ ಕಡೆಯವರು. ಬೆಂಗಳೂರಿಗೆ ಬಂದು ಬೇಕರಿಯೊಂದರಲ್ಲಿ ಕೆಲಸ ಕಲಿತು, ಆಮೇಲೆ ಸ್ವಂತ ಅಂಗಡಿ ಹಾಕಿದವರು. ಹಾಲು, ಬ್ರೆಡ್ಡು, ಮೊಟ್ಟೆ, ಬಿಸ್ಕತ್ತು, ಖಾರ, ಪಫ್, ಐಸ್‌ಕ್ರೀಂ, ತಂಪು ಪಾನೀಯ, ಮೂಲೆಯಲ್ಲೊಂದು ಟೀ ಒಲೆ. ಹತ್ತಿರದಲ್ಲೇ ಶಾಲೆ ಇರುವುದರಿಂದ ಸಿಗರೇಟು ಇಲ್ಲ. ಶಾಲೆಯಿಂದ 100 ಗಜದೊಳಗೆ ಅದನ್ನು ಮಾರುವಂತಿಲ್ಲ ಎಂಬ ಕಾನೂನಿದೆ, ಅವರು ಅದನ್ನು ಪಾಲಿಸಿದ್ದರು.

ಕಾಗದ ಹಿಡಿದು, ತೆರಿಗೆ ಲೆಕ್ಕ ನೋಡಿಕೊಡುವ ನನ್ನ ಆಫೀಸಿಗೆ ಬಂದಾಗ ಅವರು ಕೇಳಿದ್ದು ಒಂದೇ ಮಾತು. "ಸಾರ್, ಅಂಗಡಿ ಸಾಮಾನು ಸಮೇತ ಮಾರಿದ್ರೂ ಇಷ್ಟು ಬರಲ್ಲ. ಏನ್ ಮಾಡ್ಲಿ?"

ಅವರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಓದುವವರಿಗೆ ಲೆಕ್ಕ ಹಿಡಿಯಲು ಸುಲಭವಾಗಲಿ ಎಂದು ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ. ಲೆಕ್ಕ ಹಾಕಿದ ರೀತಿ ಮಾತ್ರ ನಡೆದದ್ದೇ.

ಆ ತಿಂಗಳು ಇವರೊಬ್ಬರ ಕಥೆಯಾಗಿರಲಿಲ್ಲ. 2021-22ರಿಂದ 2024-25ರವರೆಗಿನ ಯುಪಿಐ ಮಾಹಿತಿ ತರಿಸಿಕೊಂಡು ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಕಾಗದ ಕಳಿಸಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 4 ವರ್ಷದ 1.63 ಕೋಟಿ ವಹಿವಾಟಿನ ಮೇಲೆ 29 ಲಕ್ಷ ಕೇಳಿದ ಸುದ್ದಿ ಎಲ್ಲ ಕಡೆ ಓಡಾಡಿತು. ಬೆಂಗಳೂರಿನ ಅಂಗಡಿಗಳ ಮುಂದೆ ಕ್ಯೂಆರ್ ಕೋಡ್ ಕಿತ್ತು 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಎಂದು ಚೀಟಿ ಅಂಟಿಸಿದರು. ನಮ್ಮ ಯಜಮಾನರೂ ಅಂಟಿಸಿಯೇ ಬಂದಿದ್ದರು.

ಮೊದಲು ಆ ಚೀಟಿ ತೆಗೆಸಿದೆ. ನೋಟಿಸ್ ಬಂದಿರುವುದು ಕಳೆದ ವರ್ಷಗಳದ್ದು, ಇವತ್ತು ಕ್ಯೂಆರ್ ಕಿತ್ತರೆ ಹೋದ ವರ್ಷದ ಲೆಕ್ಕ ಅಳಿಯುವುದಿಲ್ಲ. ಕ್ಯಾಶ್ ತಗೊಂಡರೆ ಯಾರಿಗೂ ಕಾಣಲ್ಲ ಅನ್ನುವುದೂ ಸುಳ್ಳು. ಸೇವಿಂಗ್ಸ್ ಖಾತೆಗೆ ವರ್ಷಕ್ಕೆ 10 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಕಟ್ಟಿದರೆ ಬ್ಯಾಂಕು ಆದಾಯ ತೆರಿಗೆ ಇಲಾಖೆಗೆ ತಿಳಿಸಲೇಬೇಕು. ಎದುರಿನ ಅಂಗಡಿಯವನು ಸ್ಕ್ಯಾನ್ ತಗೊಳ್ಳುತ್ತಿದ್ದರೆ ಗಿರಾಕಿ ಅಲ್ಲಿಗೆ ಹೋಗುತ್ತಾನೆ, ಅದು ಬೇರೆ ನಷ್ಟ.

ಕಾಗದದ ಮೇಲ್ತುದಿ ನೋಡಿ

ತೆರಿಗೆ ಕಚೇರಿಯಿಂದ ಬರುವ ಎಲ್ಲ ಕಾಗದಕ್ಕೂ ಜನ 'ನೋಟಿಸ್' ಎನ್ನುತ್ತಾರೆ. ಆದರೆ ಕಾಗದದ ಮೇಲ್ತುದಿಯಲ್ಲಿ ಯಾವ ಫಾರಂ, ಯಾವ ಸೆಕ್ಷನ್ ಅಂತ ಬರೆದಿರುತ್ತದೆ. ಮೊದಲು ಓದಬೇಕಾದದ್ದು ಅದನ್ನೇ. ನೋಂದಣಿ ಇಲ್ಲದವರ ತೆರಿಗೆ ನಿರ್ಧರಿಸುವುದು ಜಿಎಸ್‌ಟಿ ಕಾನೂನಿನ ಸೆಕ್ಷನ್ 63ರಲ್ಲಿ. ಅದರಡಿ ಎಎಸ್‌ಎಂಟಿ-14 ಬಂದರೆ ಕಾರಣ ಕೇಳಿದ್ದಾರೆ ಎಂದರ್ಥ, ಉತ್ತರಕ್ಕೆ 15 ದಿನ ಇರುತ್ತದೆ. ಎಎಸ್‌ಎಂಟಿ-15 ಬಂದರೆ ಆದೇಶವೇ ಆಗಿದೆ. ಆಗ 3 ತಿಂಗಳೊಳಗೆ ಮೇಲ್ಮನವಿ ಹಾಕಬೇಕು, ನಾವು ಒಪ್ಪದ ತೆರಿಗೆಯ ಶೇ 10ನ್ನು ಮೊದಲೇ ಕಟ್ಟಬೇಕು.

ಇವರಿಗೆ ಬಂದದ್ದು ಇವೆರಡಕ್ಕೂ ಮುಂಚಿನದು, ವಿವರಣೆ ಕೇಳುವ ಕಾಗದ. ಅಂದರೆ 10,33,200 ಎಂಬುದು ಇನ್ನೂ ಯಾರೂ ತೀರ್ಮಾನಿಸಿದ ತೆರಿಗೆ ಅಲ್ಲ. ಇಲಾಖೆ ಕೈಲಿದ್ದದ್ದು ಒಂದೇ ಅಂಕಿ, ಖಾತೆಗೆ ಬಂದ ದುಡ್ಡು. ಏನು ಮಾರಿದಿರಿ ಎಂಬುದು ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದಾಗ ಎಲ್ಲಕ್ಕೂ ಶೇ 18 ಹಾಕುತ್ತಾರೆ. ಗೊತ್ತು ಮಾಡಿಸುವ ಕೆಲಸ ನಮ್ಮದು. ಸುಮ್ನೆ ಕೂತರೆ ಆ ಅಂಕಿಯೇ ಆದೇಶವಾಗಿ ಬರುತ್ತದೆ.

ಮಾರನೇ ದಿನವೇ ಎರಡು ಸಾಲಿನ ಅರ್ಜಿ ಕೊಟ್ಟೆವು: ದಾಖಲೆ ಜೋಡಿಸುತ್ತಿದ್ದೇವೆ, ಸಮಯ ಕೊಡಿ. ಸೀಲು ಹಾಕಿಸಿಕೊಂಡ ಪ್ರತಿ ಫೈಲಿನ ಮೊದಲ ಹಾಳೆಯಾಯಿತು.

ಹಾಲಿನ ಕ್ರೇಟಿನಲ್ಲಿದ್ದ ಬಿಲ್ಲುಗಳು

"ಬಿಲ್ ಇಟ್ಟಿದೀರಾ?" ಅಂತ ಕೇಳಿದೆ. ಯಜಮಾನರು ತಲೆ ಕೆರೆದುಕೊಂಡರು. ಅವರ ಮನೆಯವರು ಮಾತ್ರ, "ಅಟ್ಟದ ಮೇಲೆ ಕ್ರೇಟಲ್ಲಿ ಹಾಕಿದೀನಿ ಸಾರ್, ಇಲಿ ತಿಂದಿಲ್ಲ ಅಂದ್ರೆ ಇರ್ತವೆ" ಅಂದರು. ಇದ್ದವು. ಬಿಸ್ಕತ್ತು ಡೀಲರಿನ ಬಿಲ್ಲುಗಳು, ತಂಪು ಪಾನೀಯದವರದು, ಪಫ್ ಮತ್ತು ಕೇಕು ತಂದು ಹಾಕುವ ಬೇಕರಿಯವರದು, ಹಾಲಿನ ದಿನದ ಚೀಟಿಗಳು. ಥರ್ಮಲ್ ಪೇಪರಿನ ಬಿಲ್ಲುಗಳಲ್ಲಿ ಅರ್ಧ ಮಾಸಿಹೋಗಿದ್ದವು. ಅಂಥವಕ್ಕೆ ಡೀಲರುಗಳ ಹತ್ತಿರ ಹೋಗಿ ವರ್ಷದ ಲೆಡ್ಜರ್ ತೆಗೆಸಿಕೊಂಡೆವು. ಯಾವ ಡೀಲರೂ ಇಲ್ಲ ಅನ್ನಲಿಲ್ಲ. ಅವರ ಕಂಪ್ಯೂಟರಿನಲ್ಲಿ ಅದು ಇದ್ದೇ ಇರುತ್ತದೆ.

ಆಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್. ಇದನ್ನು ಪಿಡಿಎಫ್‌ನಲ್ಲಿ ತಗೊಳ್ಳಬೇಡಿ, ಎಕ್ಸೆಲ್‌ನಲ್ಲಿ ಕೇಳಿ. ಸಾವಿರಾರು ಸಾಲುಗಳನ್ನು ದೊಡ್ಡ ಮೊತ್ತದಿಂದ ಚಿಕ್ಕದಕ್ಕೆ ಜೋಡಿಸಿದರೆ ವ್ಯಾಪಾರ ಅಲ್ಲದ್ದೆಲ್ಲ ಮೇಲಕ್ಕೆ ಬಂದುಬಿಡುತ್ತದೆ. ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಯಾರೂ ಒಂದೇ ಸಲ 1 ಲಕ್ಷದ ಬಿಸ್ಕತ್ತು ಕೊಳ್ಳುವುದಿಲ್ಲ ಅಲ್ವಾ? ಮೇಲಿನ ಮೂರು ಸಾಲು ತಲಾ 1 ಲಕ್ಷದವು, ಮೂರು ದಿನ ಸತತವಾಗಿ. ಮನೆಯವರು ಹಾಕಿದ್ದ ಚೀಟಿ ಎತ್ತಿದ ಹಣ. ಯುಪಿಐನಲ್ಲಿ ದಿನಕ್ಕೆ 1 ಲಕ್ಷ ಮಾತ್ರ ಹೋಗುತ್ತದೆ ಎಂದು ಚೀಟಿ ನಡೆಸುವವರು ಮೂರು ಕಂತಲ್ಲಿ ಕಳಿಸಿದ್ದರು. ಚೀಟಿ ಪುಸ್ತಕ ಮನೆಯವರ ಬೀರುವಿನಲ್ಲಿತ್ತು.

ಅದರ ಕೆಳಗೆ ನೆಂಟರಿಷ್ಟರದು, ಕೈಸಾಲ ಕೊಟ್ಟದ್ದು ವಾಪಸ್ ಬಂದದ್ದು, ಒಟ್ಟು 1,85,000. ಇನ್ನೊಂದು ವಿಚಿತ್ರ: ಅಂಗಡಿ ಮುಂದೆ ಎಳನೀರು ಗಾಡಿ ನಿಲ್ಲಿಸುವವರಿಗೆ ಆಗ ಸ್ಮಾರ್ಟ್‌ಫೋನ್ ಇರಲಿಲ್ಲ. ಅವರ ಗಿರಾಕಿಗಳೆಲ್ಲ ಇವರ ಕ್ಯೂಆರ್‌ಗೇ ಸ್ಕ್ಯಾನ್ ಮಾಡುತ್ತಿದ್ದರು, ಸಂಜೆ ಇವರು ಲೆಕ್ಕ ಹಾಕಿ ನಗದು ಕೊಡುತ್ತಿದ್ದರು. ವರ್ಷಕ್ಕೆ 2,40,000. ಕೊನೆಗೆ 'ಅಣ್ಣಾ, 500 ಸ್ಕ್ಯಾನ್ ಮಾಡ್ತೀನಿ ಕ್ಯಾಶ್ ಕೊಡಿ' ಎಂದು ಬಂದವರದು, ಅಂದಾಜು 75,000. ಎಲ್ಲ ಸೇರಿ 8 ಲಕ್ಷ. 57.40ರಲ್ಲಿ ಅದನ್ನು ಕಳೆದರೆ ಯುಪಿಐನಿಂದ ಬಂದ ನಿಜವಾದ ವ್ಯಾಪಾರ 49.40 ಲಕ್ಷ.

ಇಲ್ಲಿಗೆ ನಿಲ್ಲಿಸಿಬಿಡೋಣ ಎಂದು ಯಜಮಾನರ ಭಾವಮೈದ ಹೇಳಿದರು. ನಿಲ್ಲಿಸುವಂತಿರಲಿಲ್ಲ. ವಹಿವಾಟು ಎಂದರೆ ಯುಪಿಐ ಮಾತ್ರ ಅಲ್ಲ, ಕ್ಯಾಶ್ ಕೂಡ ಸೇರುತ್ತದೆ. ಖರೀದಿ ಬಿಲ್ಲುಗಳನ್ನು ಕೂಡಿಸಿ ಅದರ ಮೇಲೆ ಸಾಮಾನ್ಯ ಲಾಭಾಂಶ ಹಾಕಿದರೆ ಇನ್ನೂ 11.60 ಲಕ್ಷದ ಮಾರಾಟ ಕಾಣುತ್ತದೆ. ಅಷ್ಟು ಮಾಲು ತಂದು ಇಷ್ಟೇ ಮಾರಿದ್ದೇವೆ ಎಂದರೆ ಅಧಿಕಾರಿ ಉಳಿದ ಉತ್ತರವನ್ನೂ ನಂಬುವುದಿಲ್ಲ. ಹಾಗಾಗಿ ನಾವೇ ಅದನ್ನು ಸೇರಿಸಿ 2023-24ರ ಒಟ್ಟು ವಹಿವಾಟು 61 ಲಕ್ಷ ಎಂದು ಬರೆದೆವು. ಇಲಾಖೆ ಹೇಳಿದ್ದಕ್ಕಿಂತ ಜಾಸ್ತಿ! ಯಜಮಾನರಿಗೆ ಗಾಬರಿಯಾಯಿತು. "ಸಾರ್, ನೀವು ನಮ್ಮ ಕಡೆಯೋ ಅವರ ಕಡೆಯೋ?"

61 ಲಕ್ಷದೊಳಗೆ ಏನಿತ್ತು?

ತೆರಿಗೆ ಬೀಳುವುದು ಒಟ್ಟು ಮೊತ್ತಕ್ಕಲ್ಲ, ಸಾಮಾನಿಗೆ. ಪ್ಯಾಕೆಟ್ ಹಾಲು, ಬ್ರೆಡ್ಡು, ಮೊಟ್ಟೆಗೆ ಜಿಎಸ್‌ಟಿ ಇಲ್ಲ. ಇವರ ಅಂಗಡಿಯಲ್ಲಿ ಈ ಮೂರೇ 30.30 ಲಕ್ಷ. ಅಂದರೆ ಹತ್ತಿರ ಹತ್ತಿರ ಅರ್ಧ ವ್ಯಾಪಾರಕ್ಕೆ ತೆರಿಗೆಯೇ ಇಲ್ಲ.

ಇದನ್ನು ತೋರಿಸುವುದು ಹೇಗೆ? ಹಾಲಿನ ದಿನಚೀಟಿ ಇತ್ತು. ಜೊತೆಗೆ ಯುಪಿಐ ಪಟ್ಟಿಯೇ ಸಾಕ್ಷಿ ಹೇಳಿತು. 2023ರ ಆಗಸ್ಟ್ ನಂತರದ ಪುಟಗಳಲ್ಲಿ ಬೆಳಿಗ್ಗೆ ಆರರಿಂದ ಎಂಟರವರೆಗಿನ ಸಾಲು ನೋಡಿದರೆ 22, 44, 22, 22, 66, 44. ಆಗ ನಂದಿನಿ ನೀಲಿ ಪ್ಯಾಕೆಟ್ ಅರ್ಧ ಲೀಟರಿಗೆ 22 ರೂಪಾಯಿ. ಒಂದು ವಾರದ ಬೆಳಗಿನ ಸಾಲುಗಳಿಗೆ ಹಳದಿ ಬಣ್ಣ ಹಾಕಿ ಪ್ರಿಂಟ್ ತೆಗೆದು ಉತ್ತರದ ಜೊತೆ ಇಟ್ಟೆವು. ಎಷ್ಟೋ ಪುಟದ ವಿವರಣೆಗಿಂತ ಆ ಒಂದು ಹಾಳೆ ಹೆಚ್ಚು ಕೆಲಸ ಮಾಡಿತು ಎಂದು ನನ್ನ ಲೆಕ್ಕ.

ಉಳಿದದ್ದು ಹೀಗೆ ಬಂತು. ಬಿಸ್ಕತ್ತು, ಕೇಕು, ಪಫ್, ಚಾಕೊಲೇಟು, ಐಸ್‌ಕ್ರೀಂ ಸೇರಿ 11.80 ಲಕ್ಷ, ಆಗ ಇವಕ್ಕೆ ಶೇ 18. ಖಾರ, ತುಪ್ಪ, ಬೆಣ್ಣೆ 5.60 ಲಕ್ಷ, ಶೇ 12. ಪ್ಯಾಕೆಟ್ ಮೊಸರಿನಂಥವು 4.20 ಲಕ್ಷ, ಶೇ 5. ತಂಪು ಪಾನೀಯ 2.80 ಲಕ್ಷ, ಸೆಸ್ ಸೇರಿ ಶೇ 40. ಟೀ, ಕಾಫಿ 6.30 ಲಕ್ಷ, ಹೋಟೆಲ್ ಲೆಕ್ಕದಲ್ಲಿ ಶೇ 5. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಕೇಕು, ತುಪ್ಪ, ಐಸ್‌ಕ್ರೀಂ ಎಲ್ಲ ಶೇ 5ಕ್ಕೆ ಇಳಿದಿವೆ ನಿಜ, ಆದರೆ ಹಳೇ ವರ್ಷಕ್ಕೆ ಹಳೇ ದರವೇ.

ಇನ್ನು ಜನ ತಪ್ಪುವ ಜಾಗ. 11.80 ಲಕ್ಷಕ್ಕೆ ಶೇ 18 ಎಂದರೆ 2.12 ಲಕ್ಷ ಎಂದು ಕ್ಯಾಲ್ಕುಲೇಟರ್ ಹೇಳುತ್ತದೆ. ಆದರೆ ಗಿರಾಕಿ ಕೊಟ್ಟ ದುಡ್ಡಿನೊಳಗೇ ತೆರಿಗೆ ಸೇರಿದೆ. ಎಂಆರ್‌ಪಿ ಎಂದರೆ ಅದೇ ಅಲ್ವಾ? ಜಿಎಸ್‌ಟಿ ನಿಯಮ 35ರ ಪ್ರಕಾರ ಹಿಂದಿನಿಂದ ಲೆಕ್ಕ ಹಾಕಬೇಕು. 118ರಲ್ಲಿ 18 ತೆರಿಗೆ, 100 ಸಾಮಾನಿನ ಬೆಲೆ. ಹಾಗೆ ಹಾಕಿದರೆ 1,80,000. ಇದೇ ರೀತಿ ಶೇ 12ರದ್ದು 60,000, ಮೊಸರಿನದು 20,000, ತಂಪು ಪಾನೀಯದ್ದು 80,000, ಟೀದು 30,000. ಒಟ್ಟು 3,70,000.

10.33 ಲಕ್ಷ ಎಲ್ಲಿ, 3.70 ಲಕ್ಷ ಎಲ್ಲಿ. ವಹಿವಾಟು ಜಾಸ್ತಿ ತೋರಿಸಿಯೂ ತೆರಿಗೆ ಮೂರನೇ ಒಂದು ಭಾಗದ ಆಸುಪಾಸಿಗೆ ಬಂತು. ಯಾರ ಕಡೆ ಎಂದು ಕೇಳಿದ್ದವರು ಆಮೇಲೆ ಆ ಮಾತೆತ್ತಲಿಲ್ಲ.

ಆದರೆ 3.70 ಕೂಡ ಅನ್ಯಾಯದ ಅಂಕಿಯೇ, ನನ್ನ ಮಟ್ಟಿಗೆ. ಡೀಲರಿನಿಂದ ಬಿಸ್ಕತ್ತು ತರುವಾಗಲೇ ಇವರು ಜಿಎಸ್‌ಟಿ ಕೊಟ್ಟಿದ್ದಾರೆ. ನೋಂದಣಿ ಇದ್ದಿದ್ದರೆ ಅದನ್ನು ಇನ್‌ಪುಟ್ ಕ್ರೆಡಿಟ್ ಎಂದು ಕಳೆಯಬಹುದಿತ್ತು, ಕಟ್ಟಬೇಕಾದದ್ದು ಬಹಳಷ್ಟು ಇಳಿಯುತ್ತಿತ್ತು. ನೋಂದಣಿ ಇಲ್ಲದವರಿಗೆ ಆ ಕ್ರೆಡಿಟ್ ಇಲ್ಲ. ಸಣ್ಣ ವ್ಯಾಪಾರಿಗಳು ಕ್ರೆಡಿಟ್ ಬಿಟ್ಟು ಮಾರಾಟದ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಕಾಂಪೋಸಿಷನ್ ಸ್ಕೀಮಿನ ಶೇ 1 ಕೂಡ ಹಳೇ ವರ್ಷಕ್ಕೆ ಸಿಗುವುದಿಲ್ಲ, ಅದು ನೋಂದಣಿಯಾದ ದಿನದಿಂದ ಮುಂದಕ್ಕೆ ಮಾತ್ರ. ನೋಂದಣಿ ಮಾಡಿಸದೇ ಉಳಿಸಿದೆ ಎಂದುಕೊಂಡವರು ಕಳೆದುಕೊಂಡಿರುವುದು ಇಲ್ಲೇ. ಮೇಲೆ ಬಡ್ಡಿ ವರ್ಷಕ್ಕೆ ಶೇ 18.

40 ಲಕ್ಷ ಎಲ್ಲರಿಗೂ ಅಲ್ಲ

ಯಜಮಾನರು ನೋಂದಣಿ ಮಾಡಿಸದ್ದಕ್ಕೆ ಕಾರಣ ಮೋಸ ಅಲ್ಲ. "40 ಲಕ್ಷದ ತನಕ ಏನೂ ಬೇಡ ಅಂತ ಎಲ್ರೂ ಹೇಳ್ತಾರಲ್ಲ ಸಾರ್. ಹಾಲಿಗೆ ತೆರಿಗೆ ಇಲ್ಲ, ಅದನ್ನ ಬಿಟ್ರೆ ನಮ್ದು 30 ಲಕ್ಷ ಅಷ್ಟೆ." ಈ ಮಾತಲ್ಲಿ ಎರಡು ತಪ್ಪಿದೆ.

ನೋಂದಣಿಯ ಮಿತಿ ನೋಡುವಾಗ ತೆರಿಗೆ ಇಲ್ಲದ ಸಾಮಾನನ್ನೂ ಸೇರಿಸಿಯೇ ಎಣಿಸಬೇಕು. ತೆರಿಗೆ ಎಷ್ಟು ಎಂದು ಲೆಕ್ಕ ಹಾಕುವಾಗ ಮಾತ್ರ ಹಾಲನ್ನು ಬಿಡಬಹುದು. ಇವೆರಡು ಬೇರೆ ಬೇರೆ ಲೆಕ್ಕ. ಇಡೀ ವ್ಯಾಪಾರವೇ ತೆರಿಗೆ ಇಲ್ಲದ್ದಾದರೆ, ಆ ಹಾವೇರಿಯ ತರಕಾರಿಯವರ ಹಾಗೆ, ಸೆಕ್ಷನ್ 23ರಲ್ಲಿ ನೋಂದಣಿಯೇ ಬೇಡ, ವಹಿವಾಟು ಎಷ್ಟಾದರೂ ಇರಲಿ. ತರಕಾರಿ ಪಕ್ಕದಲ್ಲಿ ಒಂದು ಡಬ್ಬ ಚಾಕೊಲೇಟು ಇಟ್ಟ ದಿನದಿಂದ ಕಥೆ ಬೇರೆ.

ಎರಡನೆಯದು ಇನ್ನೂ ಸೂಕ್ಷ್ಮ. 2019ರ ಏಪ್ರಿಲ್‌ನಿಂದ ಬಂದ 40 ಲಕ್ಷದ ಮಿತಿ ಬರೀ ಸರಕು ಮಾರುವವರಿಗೆ. ಟೀ ಮಾಡಿ ಲೋಟದಲ್ಲಿ ಕೊಟ್ಟರೆ ಕಾನೂನಿನಲ್ಲಿ ಅದು ಸೇವೆ. ಸೇವೆ ಸೇರಿದ ತಕ್ಷಣ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಟೀ ಒಲೆ ಇಲ್ಲದಿದ್ದರೂ ಇವರು ತಪ್ಪಿಸಿಕೊಳ್ಳುತ್ತಿರಲಿಲ್ಲ. ಐಸ್‌ಕ್ರೀಂ, ಪಾನ್ ಮಸಾಲ, ತಂಬಾಕು ಪದಾರ್ಥ ಮಾರುವವರಿಗೂ 40 ಲಕ್ಷದ ಸೌಲಭ್ಯ ಇಲ್ಲ, 20 ಲಕ್ಷವೇ. ನಮ್ಮೂರಲ್ಲಿ ಬೀಡಿ ಸಿಗರೇಟು ಇಲ್ಲದ ಪೆಟ್ಟಿಗೆ ಅಂಗಡಿ ಯಾವುದಿದೆ ಹೇಳಿ? ಅವರೆಲ್ಲ 40 ಲಕ್ಷ ಎಂದುಕೊಂಡೇ ಇದ್ದಾರೆ.

ಹಾಗಾಗಿ 2021-22ರಲ್ಲಿ ಯುಪಿಐ 31 ಲಕ್ಷ ಮಾತ್ರ ಇದ್ದು ಆ ವರ್ಷಕ್ಕೆ ಕಾಗದ ಬಾರದಿದ್ದರೂ, ನೋಂದಣಿಯ ಹೊಣೆ ಆಗಲೇ ಶುರುವಾಗಿತ್ತು. ಇದನ್ನು ಅವರಿಗೆ ಮುಚ್ಚುಮರೆ ಇಲ್ಲದೆ ಹೇಳಿದೆ. ಮುಂದೆ ಯಾರಾದರೂ ಕೇಳಿದರೆ ಉತ್ತರ ಸಿದ್ಧವಿರಲಿ ಎಂದು ಆ ವರ್ಷದ ಬಿಲ್ಲುಗಳನ್ನೂ ಬೇರೆ ಕಟ್ಟು ಕಟ್ಟಿಟ್ಟೆವು.

ಕಚೇರಿಯಲ್ಲಿ

ಅಧಿಕಾರಿ ತಾಳ್ಮೆಯಿಂದ ಕೇಳಿದರು. ಚೀಟಿ ಹಣಕ್ಕೆ ಪುಸ್ತಕ ತೋರಿಸಿದೆವು, ಒಪ್ಪಿದರು. ಎಳನೀರಿನವರು ಬರೆದುಕೊಟ್ಟ ಪತ್ರ ಇತ್ತು, ಎಳನೀರಿಗೆ ಹೇಗೂ ತೆರಿಗೆ ಇಲ್ಲ, ಅದೂ ಹೋಯಿತು. ಸ್ಕ್ಯಾನ್ ಮಾಡಿ ಕ್ಯಾಶ್ ಕೊಟ್ಟದ್ದನ್ನು ಮಾತ್ರ ಒಪ್ಪಲಿಲ್ಲ. ಸಾಕ್ಷಿ ಏನಿದೆ ಎಂದರು. ಏನೂ ಇರಲಿಲ್ಲ. ಆ 75,000ವನ್ನು ಶೇ 18ರ ಮಾರಾಟಕ್ಕೇ ಸೇರಿಸಿದರೆ ತೆರಿಗೆ 11 ಸಾವಿರ ಚಿಲ್ಲರೆ ಏರಿ 3.81 ಲಕ್ಷ ಆಗುತ್ತದೆ. ಯಾರಿಗೋ ಎಟಿಎಂ ಆಗಿ ಉಪಕಾರ ಮಾಡಿದ್ದಕ್ಕೆ ಇಷ್ಟು. ಈಗ ಆ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ಕ್ಯಾಶ್ ಕೊಡುವುದಿಲ್ಲ.

ಉಳಿದ ಎರಡು ವರ್ಷಕ್ಕೂ ಇದೇ ಅಚ್ಚಿನಲ್ಲಿ ಉತ್ತರ ಕೊಟ್ಟೆವು.

ಇಷ್ಟರಲ್ಲಿ ಜುಲೈ 23 ಬಂತು. ವ್ಯಾಪಾರಿಗಳು 25ಕ್ಕೆ ಬಂದ್ ಎಂದಿದ್ದರು. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿ, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಎಲ್ಲರೂ ನೋಂದಣಿ ಮಾಡಿಸಿಕೊಳ್ಳಬೇಕು ಎಂದರು. ಅಂದು ಸಂಜೆಯೇ ಯಜಮಾನರ ಫೋನು. "ಮನ್ನಾ ಆಯ್ತಂತೆ ಸಾರ್, ಇನ್ನೇನ್ ಬೇಡ ಅಲ್ವಾ?"

ಬೇಕು ಎಂದೆ. ಸಭೆಯಲ್ಲಿ ಹೇಳಿದ ಮಾತಿಗೆ ಬೆಲೆ ಇದೆ, ಆದರೆ ನಿಮ್ಮ ಹೆಸರಿನ ಕಾಗದಕ್ಕೆ ನಿಮ್ಮ ಹೆಸರಿನ ಉತ್ತರವೇ ಬೇಕು. ಜಿಎಸ್‌ಟಿ ಕೇಂದ್ರ ಮತ್ತು ರಾಜ್ಯ ಎರಡರ ಕಾನೂನು. ನಾಳೆ ಅಧಿಕಾರಿ ಬದಲಾಗುತ್ತಾರೆ, ಫೈಲು ಬದಲಾಗುವುದಿಲ್ಲ. ಉತ್ತರ ಕೊಡದೇ ಬಿಟ್ಟ ಫೈಲಿನಲ್ಲಿ ಉಳಿಯುವುದು 10,33,200 ಎಂಬ ಅಂಕಿಯೊಂದೇ. ಉತ್ತರ ಕೊಟ್ಟಿದ್ದರೆ ಪಕ್ಕದಲ್ಲಿ ನಮ್ಮ ಅಂಕಿಯೂ ಇರುತ್ತದೆ.

ಕಾಂಪೋಸಿಷನ್ನೋ ರೆಗ್ಯುಲರೋ

ನೋಂದಣಿಗೆ ಸರ್ಕಾರದ ಶುಲ್ಕ ಇಲ್ಲ. ಯಾರಾದರೂ 'ಗವರ್ನಮೆಂಟ್ ಫೀಸು' ಎಂದು ಕೇಳಿದರೆ ಅದು ಅವರ ಫೀಸು. ಆಧಾರ್, ಪಾನ್, ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಬ್ಯಾಂಕ್ ವಿವರ ಇದ್ದರೆ ಸಾಕು. ಕಷ್ಟದ ಪ್ರಶ್ನೆ ಯಾವ ಪದ್ಧತಿ ಎಂಬುದು. ನಾನು ಇದರ ಮೇಲೆ ಹೆಚ್ಚು ಹೊತ್ತು ಕೂತೆ, ಯಾಕೆಂದರೆ ಸುಮ್ನೆ 'ಸಣ್ಣ ಅಂಗಡಿಯಾ, ಕಾಂಪೋಸಿಷನ್ ಹಾಕಿ' ಎನ್ನುವವರೇ ಜಾಸ್ತಿ.

ಕಾಂಪೋಸಿಷನ್‌ಗೆ ಮಿತಿ ವರ್ಷಕ್ಕೆ 1.5 ಕೋಟಿ. ಕೊಂಡು ಮಾರುವವರಿಗೆ ತೆರಿಗೆ ಇರುವ ಸಾಮಾನಿನ ಮಾರಾಟದ ಮೇಲೆ ಶೇ 1. ಹಾಲು ಬ್ರೆಡ್ಡು ಲೆಕ್ಕಕ್ಕಿಲ್ಲ. ಆದರೆ ಅಂಗಡಿಯಲ್ಲೇ ಓವನ್ ಇಟ್ಟು ಪಫ್ ಬೇಯಿಸಿದರೆ ನೀವು ತಯಾರಕರು. ಆಗ ಹಾಲು ಸೇರಿ ಇಡೀ ವಹಿವಾಟಿನ ಶೇ 1. ಹೋಟೆಲ್ ಥರದ ವ್ಯಾಪಾರಕ್ಕೆ ಶೇ 5. ಐಸ್‌ಕ್ರೀಂ ತಯಾರಿಸುವವರಿಗೆ ಈ ಸ್ಕೀಮೇ ಇಲ್ಲ, ಪ್ಯಾಕೆಟ್ ತಂದು ಮಾರುವವರಿಗೆ ಇದೆ.

ನಮ್ಮ ಯಜಮಾನರು ಪಫ್ ತರಿಸಿ ಮಾರುವವರು. ತೊಡಕು ಟೀದು. ಒಂದೇ ನೋಂದಣಿಯಲ್ಲಿ ಶೇ 1 ಮತ್ತು ಶೇ 5 ಬೆರೆತರೆ ಮುಂದೆ ವಾದಕ್ಕೆ ದಾರಿ. ಟೀ ಒಲೆಯನ್ನು ನಿಜವಾಗಿ ನೋಡಿಕೊಳ್ಳುತ್ತಿದ್ದವರು ಭಾವಮೈದ. ಹಾಲು, ಗ್ಯಾಸು, ಸಕ್ಕರೆ ಅವರೇ ತರುತ್ತಿದ್ದರು, ದುಡ್ಡು ಮಾತ್ರ ಒಂದೇ ಕ್ಯೂಆರ್‌ಗೆ. ಆಗಸ್ಟ್‌ನಿಂದ ಟೀ ಅವರದೇ ವ್ಯಾಪಾರವಾಯಿತು: ಅವರ ಹೆಸರಿನ ಖಾತೆ, ಅವರ ಕ್ಯೂಆರ್, ಮೂಲೆಗೆ ತಿಂಗಳ ಬಾಡಿಗೆ, ಕಟ್ಟಡದ ಮಾಲೀಕರ ಒಪ್ಪಿಗೆ. ವರ್ಷಕ್ಕೆ 6 ಲಕ್ಷ ಚಿಲ್ಲರೆ ಆದ್ದರಿಂದ ಅವರಿಗೆ ನೋಂದಣಿ ಬೇಡ. ಯಜಮಾನರಿಗೆ ಬರುವ ಬಾಡಿಗೆ ಸೇವೆಯೇ, ಆದರೆ ಕಾಂಪೋಸಿಷನ್‌ನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಅಂಥ ಸೇವೆಗೆ ಅವಕಾಶ ಇದೆ, ಅದಕ್ಕೂ ಶೇ 1 ಕಟ್ಟುತ್ತಾರೆ. ಇದನ್ನು ಓದಿ ಮಿತಿ ತಪ್ಪಿಸಲು ಒಂದೇ ಅಂಗಡಿಯನ್ನು ಹೆಂಡತಿ, ತಮ್ಮ, ಮಗ ಎಂದು ಕಾಗದದ ಮೇಲೆ ಹಂಚಬೇಡಿ. ಸಂಜೆ ಗಲ್ಲಾಪೆಟ್ಟಿಗೆ ಒಂದೇ ಆದರೆ ಅಧಿಕಾರಿ ಅದನ್ನು ಒಂದೇ ಅಂಗಡಿ ಎಂದೇ ಎಣಿಸುತ್ತಾರೆ. ಹಳೇ ವರ್ಷದ ಟೀಯನ್ನು ನಾವೂ ಇವರ ಲೆಕ್ಕಕ್ಕೇ ಹಾಕಿದ್ದು ಅದಕ್ಕೇ.

ಟೀ ಬಿಟ್ಟರೆ ವಹಿವಾಟು 54.70 ಲಕ್ಷ, ಅದರಲ್ಲಿ ತೆರಿಗೆ ಇರುವುದು 24.40 ಲಕ್ಷ. ಕಾಂಪೋಸಿಷನ್‌ನಲ್ಲಿ ವರ್ಷಕ್ಕೆ 24,400.

ರೆಗ್ಯುಲರ್, ಅಂದರೆ ಮಾರಾಟದ ತೆರಿಗೆಯಲ್ಲಿ ಖರೀದಿಯ ತೆರಿಗೆ ಕಳೆದು ಕಟ್ಟುವ ಪದ್ಧತಿ ಆದರೆ? ಲಾಭಾಂಶ ಶೇ 10 ಎಂದು ಹಿಡಿದರೆ, ಹೊಸ ದರದಲ್ಲಿ ಕ್ರೆಡಿಟ್ ಕಳೆದು ಸುಮಾರು 18,000 ಮಾತ್ರ. ಅಗ್ಗ ಅನಿಸುತ್ತದೆ. ಆದರೆ ಅಂಗಡಿ ಬಾಡಿಗೆ ಮರೆಯಬಾರದು. ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ, 2024ರ ಅಕ್ಟೋಬರ್ 10ರಿಂದ ರೆಗ್ಯುಲರ್ ನೋಂದಣಿ ಇರುವ ಬಾಡಿಗೆದಾರನೇ ಬಾಡಿಗೆ ಮೇಲೆ ಶೇ 18 ಕಟ್ಟಬೇಕು. ತಿಂಗಳಿಗೆ 25,000 ಬಾಡಿಗೆ, ವರ್ಷಕ್ಕೆ 3 ಲಕ್ಷ, ತೆರಿಗೆ 54,000. ಅದೂ ನಗದಾಗಿ. ಅರ್ಧಕ್ಕಿಂತ ಜಾಸ್ತಿ ವ್ಯಾಪಾರ ತೆರಿಗೆ ಇಲ್ಲದ ಹಾಲಿನದ್ದಾದ್ದರಿಂದ ಕ್ರೆಡಿಟ್ ಸಿಗುವುದು ಸುಮಾರು 24,000. ಅದು ಆ 18,000ವನ್ನು ತೀರಿಸುತ್ತದೆ, ಅಷ್ಟೆ. ಜೇಬಿನಿಂದ ಹೋಗುವುದು 54,000. ಕಾಂಪೋಸಿಷನ್‌ನವರಿಗೆ ಈ ಬಾಡಿಗೆ ತೆರಿಗೆಯಿಂದ ವಿನಾಯಿತಿ ಇದೆ. ನಿರ್ಧಾರ ಅಲ್ಲಿಗೇ ಆಯಿತು.

ಮಾಲೀಕರು ನೋಂದಣಿ ಇದ್ದವರಾಗಿದ್ದರೆ, ಅಥವಾ ಗಿರಾಕಿಗಳು ಜಿಎಸ್‌ಟಿ ಬಿಲ್ಲು ಕೇಳುವ ಆಫೀಸುಗಳಾಗಿದ್ದರೆ, ನಾನು ರೆಗ್ಯುಲರ್ ಎನ್ನುತ್ತಿದ್ದೆ. ಕಾಂಪೋಸಿಷನ್‌ನಲ್ಲಿ ಗಿರಾಕಿಯಿಂದ ತೆರಿಗೆ ಬೇರೆ ವಸೂಲಿ ಮಾಡುವಂತಿಲ್ಲ, ಹೊರ ರಾಜ್ಯಕ್ಕೆ ಮಾಲು ಕಳಿಸುವಂತಿಲ್ಲ, ಅಂಗಡಿಯಲ್ಲಿ ಹಾಗೆಂದು ಬೋರ್ಡು ಹಾಕಬೇಕು. ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟುವ ಸಿಎಂಪಿ-08 ಫಾರಂ, ವರ್ಷಕ್ಕೊಮ್ಮೆ ಜಿಎಸ್‌ಟಿಆರ್-4 ರಿಟರ್ನ್. ಇವರಿಗೆ ಇದ್ಯಾವುದೂ ತೊಂದರೆಯಲ್ಲ.

ಆದಾಯ ತೆರಿಗೆಯ ಮಾತೂ ಬಂತು. 2023-24ಕ್ಕೆ ಇವರ ರಿಟರ್ನ್‌ನಲ್ಲಿ ವಹಿವಾಟು 19.50 ಲಕ್ಷ ಎಂದಿತ್ತು. ರಿಟರ್ನ್ ಹಾಕಿದವರು 20 ದಾಟದಿರಲಿ ಎಂದು ಹಾಕಿದ ಅಂಕಿ ಅದು, ಯಜಮಾನರಿಗೆ ಗೊತ್ತೂ ಇರಲಿಲ್ಲ. ಬೇಸರದ ವಿಷಯ ಏನೆಂದರೆ, ನಿಜ ಹೇಳಿದ್ದರೂ ತೆರಿಗೆ ಬರುತ್ತಿರಲಿಲ್ಲ. ಸಣ್ಣ ವ್ಯಾಪಾರಿಗಳ ಆದಾಯವನ್ನು ವಹಿವಾಟಿನ ಇಂತಿಷ್ಟು ಪಾಲು ಎಂದು ಹಿಡಿಯುವ ಸೆಕ್ಷನ್ 44ಎಡಿ ಲೆಕ್ಕದಲ್ಲಿ ಬ್ಯಾಂಕಿಗೆ ಬಂದ 49.40 ಲಕ್ಷಕ್ಕೆ ಶೇ 6, ನಗದು 11.60 ಲಕ್ಷಕ್ಕೆ ಶೇ 8, ಒಟ್ಟು ಆದಾಯ 3,89,200. ಹೊಸ ಪದ್ಧತಿಯಲ್ಲಿ ಆ ವರ್ಷ 7 ಲಕ್ಷದವರೆಗೆ ರಿಯಾಯಿತಿ ಇತ್ತು. ಸುಳ್ಳು ಅಂಕಿಯಿಂದ ಒಂದು ರೂಪಾಯಿಯೂ ಉಳಿಯಲಿಲ್ಲ. ಮುಂದೆ ಎರಡೂ ಕಡೆ ಒಂದೇ ಅಂಕಿ ಹೋಗಬೇಕು ಎಂದು ನಾನು ಹೇಳುವ ಮೊದಲೇ ಮನೆಯವರು ಹೇಳಿದರು.

ಅಂಗಡಿಗೆಂದೇ ಕರೆಂಟ್ ಅಕೌಂಟ್ ತೆರೆಸಿದೆವು. ಅದರ ಕ್ಯೂಆರ್‌ಗೆ ವ್ಯಾಪಾರದ ದುಡ್ಡು ಮಾತ್ರ. ಚೀಟಿ, ನೆಂಟರು, ಕೈಸಾಲ ಎಲ್ಲ ಹಳೇ ಸೇವಿಂಗ್ಸ್ ಖಾತೆಗೆ. ಎಳನೀರಿನವರಿಗೆ ಅವರ ಮಗ ಫೋನು ಕೊಡಿಸಿದ್ದಾನೆ, ಈಗ ಗಾಡಿಗೇ ಕ್ಯೂಆರ್ ನೇತಾಡುತ್ತದೆ. ಮನೆಯವರು ರಾತ್ರಿ ಅಂಗಡಿ ಮುಚ್ಚುವ ಮುಂಚೆ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಬರೆಯುತ್ತಾರೆ: ಹಾಲು-ಬ್ರೆಡ್-ಮೊಟ್ಟೆ, ಉಳಿದದ್ದು, ಅದರಲ್ಲಿ ಕ್ಯಾಶ್ ಎಷ್ಟು. ಥರ್ಮಲ್ ಬಿಲ್ಲು ಬಂದ ದಿನವೇ ಫೋಟೋ.

ಅಕ್ಟೋಬರ್‌ನಲ್ಲಿ ಮೊದಲ ಸಿಎಂಪಿ-08 ಹಾಕಿದೆವು, ತೆರಿಗೆ ಸುಮಾರು 3,400. ಹಳೇ ಮೂರು ವರ್ಷದ ಬಗ್ಗೆ ಆಮೇಲೆ ಕಚೇರಿಯಿಂದ ಬೇರೆ ಕಾಗದ ಬಂದಿಲ್ಲ. ಮುಗಿಯಿತು ಎಂದು ಬರೆದ ಕಾಗದವೂ ಬಂದಿಲ್ಲ. ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆ ದಿನದಿಂದ 72 ತಿಂಗಳು ಇಡಬೇಕೆಂದು ಕಾನೂನೇ ಹೇಳುತ್ತದೆ, ಪ್ರಕರಣ ಬಾಕಿ ಇದ್ದರೆ ಇನ್ನೂ ಜಾಸ್ತಿ. ಕ್ರೇಟನ್ನು ಅಟ್ಟದಿಂದ ಇಳಿಸಿ, ಬಿಲ್ಲುಗಳನ್ನು ವರ್ಷವಾರು ಕವರಿನಲ್ಲಿ ಹಾಕಿ ಕಬ್ಬಿಣದ ಟ್ರಂಕಿನಲ್ಲಿಡಿ ಎಂದಿದ್ದೇನೆ.